ಕಾಗಿಣಾ ಪೇಟಿಗೆ ಉಸಿರು

ಚಿಂಚೋಳಿ
೯ ಜನವರಿ ೨೦೨೪

ಕಾಗಿಣಾ ಕಂಪನಿಯ ಮ್ಯಾನೇಜರ್ ಸಾಹೇಬರಿಗೆ,

ನಿಮ್ಮ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕಿಕೊಂಡೆ. ಹಾರ್ಮೋನಿಯಂ ದನಿ ಚಲೋ ಇದೆ. ಎರಡನೇ ಪದ ನುಡಿಸುವಾಗ ನಡುವೆ ನಿಂತುಹೋಯಿತು. ಉಸಿರೂ ಇಲ್ಲ. ಸರಿಪಡಿಸಬೇಕು.

ರೇವಣಸಿದ್ದಯ್ಯ


ವಾಡಿ
೧೦ ಜನವರಿ ೨೦೨೪

ಮಾನ್ಯ ರೇವಣಸಿದ್ದಯ್ಯ ಅವರಿಗೆ,

ನಿಮ್ಮ ಇ-ಮೇಲ್ ತಲುಪಿತು. ಕಾಗಿಣಾ ಬಳಸುತ್ತಿರುವುದಕ್ಕೆ ನಮ್ಮ ಬಳಗದ ಪರವಾಗಿ ಧನ್ಯವಾದ. ಕಂಪ್ಯೂಟರಿಗೆ ಕೀಬೋರ್ಡ್ ಜೋಡಿಸಿ ನುಡಿಸಿದರೆ ಹಾರ್ಮೋನಿಯಂ, ಶಹನಾಯಿ, ತಂಬೂರಿಗಳ ದನಿ ಹುಟ್ಟಿಸುವ ಈ ತಂತ್ರಾಂಶ ನಮ್ಮ ಜಿಲ್ಲೆಯಲ್ಲೇ ತಯಾರಾದದ್ದು ಎಂದು ತಿಳಿಸಲು ಹೆಮ್ಮೆಪಡುತ್ತೇವೆ.

ನಡುವೆ ನಿಂತದ್ದಕ್ಕೆ ವಿಷಾದಿಸುತ್ತೇವೆ. ನೀವು ನುಡಿಸಿದ ಫೈಲನ್ನು ದಯವಿಟ್ಟು ಕಳುಹಿಸಿ. ಯಾವ ಕೀ ಯಾವಾಗ ಒತ್ತಿದಿರಿ, ಎಷ್ಟು ಹೊತ್ತು ಹಿಡಿದಿರಿ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ನಮ್ಮ ತಾಂತ್ರಿಕ ವಿಭಾಗ ಪರಿಶೀಲಿಸುತ್ತದೆ. ‘ಉಸಿರು’ ಎಂದು ಬರೆದಿದ್ದೀರಿ. ಅದು ನಮಗೆ ಅರ್ಥವಾಗಲಿಲ್ಲ.

ಎಂ. ಭಗವಂತ
ಗ್ರಾಹಕ ಸೇವಾ ವಿಭಾಗ


ಚಿಂಚೋಳಿ
೧೪ ಜನವರಿ ೨೦೨೪

ಭಗವಂತ ಸಾಹೇಬರಿಗೆ,

ಫೈಲ್ ಕಳಿಸಿದ್ದೇನೆ. ನಿಂತದ್ದು ಬೇರೆ, ಉಸಿರು ಬೇರೆ. ಖರೆ ಪೇಟಿಗೆ, ಅಂದರೆ ಕಟ್ಟಿಗೆಯ ಹಾರ್ಮೋನಿಯಂಗೆ, ತಿದಿ ಇರುತ್ತದೆ. ಒತ್ತಿದಷ್ಟು ಗಾಳಿ, ಗಾಳಿ ಇದ್ದಷ್ಟು ದನಿ. ನಿಮ್ಮದು ಒಂದೇ ಸಮ ಕೂಗುತ್ತದೆ. ಶ್ರುತಿ ಕೂಡ ಒಮ್ಮೆ ಒತ್ತಿದರೆ ತಾನೇ ನುಡಿಯುತ್ತ ನಿಂತಿರಬೇಕು. ನಿಮ್ಮಲ್ಲಿ ಬೇಕಾದಷ್ಟು ಮಂದಿ ಇರಬಹುದು. ಯಾರಾದರೂ ಒಬ್ಬರಿಗೆ ಹೇಳಿ ಮಾಡಿಸಿ.

ರೇವಣಸಿದ್ದಯ್ಯ


ವಾಡಿ
೨೭ ಜನವರಿ ೨೦೨೪

ಮಾನ್ಯರೇ,

ದೋಷ ಸಿಕ್ಕಿದೆ. ಸರಿಪಡಿಸಿದ ಆವೃತ್ತಿಯನ್ನು ಇದರೊಂದಿಗೆ ಲಗತ್ತಿಸಿದೆ.

ನಿಮ್ಮ ಫೈಲನ್ನು ಪೂರ್ತಿ ನೋಡಿದೆವು. ಸ್ವರಗಳು ಯಾವಾಗಲೂ ಒಂದೇ ಅಂಗೈಯಗಲದೊಳಗೆ ಇವೆ. ಶ್ರುತಿಯನ್ನು ಪ್ರತ್ಯೇಕವಾಗಿ, ಆಮೇಲೆ ನುಡಿಸಿ ಸೇರಿಸಿದ್ದೀರಿ. ಇದು ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು. ತಿದಿಯ ಪರಿಣಾಮ ಬೇಕಿದ್ದರೆ ಕೀಬೋರ್ಡಿನ ಎಡತುದಿಯ ಚಕ್ರವನ್ನು ಎಡಗೈಯಿಂದ ತಿರುಗಿಸುತ್ತ ಬಲಗೈಯಿಂದ ನುಡಿಸಬೇಕು. ಸದ್ಯ ನಿಮ್ಮ ಒಂದು ಕೈ ಸುಮ್ಮನೆ ಕುಳಿತಿದೆ. ‘ಎರಡೂ ಕೈ ಬಳಸುವುದು ಹೇಗೆ’ ಎಂಬ ಆರಂಭಿಕರ ಕೈಪಿಡಿಯನ್ನೂ ಕಳುಹಿಸುತ್ತಿದ್ದೇವೆ. ಮೊದಲ ಮೂರು ಪಾಠ ಅಭ್ಯಾಸ ಮಾಡಿದರೆ ತುಂಬ ಸುಲಭವಾಗುತ್ತದೆ.

ಎಂ. ಭಗವಂತ


ವಾಡಿ
೨೦ ಫೆಬ್ರುವರಿ ೨೦೨೪

ಮಾನ್ಯರೇ,

ಸರಿಪಡಿಸಿದ ಆವೃತ್ತಿ ಕೆಲಸ ಮಾಡುತ್ತಿದೆಯೇ? ಕೈಪಿಡಿ ಉಪಯೋಗವಾಯಿತೇ? ಎರಡು ಸಾಲು ಬರೆದರೆ ಸಂತೋಷ.

ಎಂ. ಭಗವಂತ


ವಾಡಿ
೨ ಏಪ್ರಿಲ್ ೨೦೨೪

ಮಾನ್ಯ ರೇವಣಸಿದ್ದಯ್ಯ ಅವರಿಗೆ,

ನಿಮ್ಮಿಂದ ಉತ್ತರವಿಲ್ಲ. ಹೊರದೇಶದ ದೊಡ್ಡ ಕಂಪನಿಯೊಂದು ಕಳೆದ ತಿಂಗಳು ತನ್ನ ಹಾರ್ಮೋನಿಯಂ ದನಿಯನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದೆ. ನೀವೂ ಅದಕ್ಕೇ ಹೋಗಿರಬಹುದು, ತಪ್ಪೇನಿಲ್ಲ. ಶಹಾಬಾದಿನ ಮದುವೆ ಬ್ಯಾಂಡಿನವರು, ಸೇಡಂನ ಇಬ್ಬರು ಸ್ಟುಡಿಯೋದವರು ಅದನ್ನೇ ಹಾಕಿಕೊಂಡರು. ಮಾರ್ಚ್ ತಿಂಗಳಲ್ಲಿ ಕಾಗಿಣಾವನ್ನು ಇಳಿಸಿಕೊಂಡವರು ಮೂರು ಮಂದಿ. ಅದರಲ್ಲಿ ಎರಡು ಸಲ ಪರೀಕ್ಷೆಗೆಂದು ನಾವೇ ಇಳಿಸಿಕೊಂಡದ್ದು.

ಜೂನ್ ೩೦ರ ನಂತರ ಕಾಗಿಣಾ ಇರುವುದಿಲ್ಲ ಎಂದು ಬಳಕೆದಾರರಿಗೆಲ್ಲ ತಿಳಿಸುತ್ತಿದ್ದೇವೆ. ನಿಮ್ಮ ಹಾಡುಗಳನ್ನು ಅದಕ್ಕೂ ಮೊದಲು ಬೇರೆ ಕಡೆ ಉಳಿಸಿಕೊಳ್ಳಬೇಕಾಗಿ ಕೋರಿಕೆ.

ಎಂ. ಭಗವಂತ


ಚಿಂಚೋಳಿ
೧೮ ಏಪ್ರಿಲ್ ೨೦೨೪

ಭಗವಂತ ಸಾಹೇಬರಿಗೆ ಶರಣು.

ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ನನ್ನ ಹೆಂಡತಿ ಸೂಗಮ್ಮ ಬರೆಯುತ್ತಿದ್ದಾಳೆ. ಹಿಂದಿನವು ಚಿಕ್ಕ ಪತ್ರಗಳಾಗಿದ್ದವು. ಅವನ್ನು ಎಡಗೈಯ ಒಂದು ಬೆರಳಿನಿಂದ ಒತ್ತಿದ್ದೆ, ಅದಕ್ಕೆ.

ನಾನು ಮೂವತ್ತನಾಲ್ಕು ವರ್ಷ ಶಾಲೆ ಮಾಸ್ತರನಾಗಿದ್ದೆ. ಪೇಟಿ ಹಿಡಿದದ್ದು ಅದಕ್ಕೂ ಮೊದಲು. ಈ ಸೀಮೆಯಲ್ಲಿ ಭಜನೆ, ತತ್ವಪದ ಎಲ್ಲಿ ನಡೆದರೂ ಮೊದಲು ನನಗೆ ಹೇಳಿಕಳಿಸುತ್ತಿದ್ದರು. ಹೋದ ವರ್ಷ ಮೇ ತಿಂಗಳಲ್ಲಿ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ನೀವು ಫೈಲ್ ನೋಡಿ ಹೇಳಿದ್ದು ಸರಿ. ಒಂದು ಕೈ ಸುಮ್ಮನೆ ಕುಳಿತಿದೆ.

ನಿಮ್ಮ ಕೈಪಿಡಿ ಓದಿ ಆವತ್ತು ಊಟ ಮಾಡಲಿಲ್ಲ. ನಿಮ್ಮದನ್ನು ಅಳಿಸಿದೆ, ಮಾರ್ಚಿನಲ್ಲಿ ಆ ದೊಡ್ಡ ಕಂಪನಿಯದನ್ನು ಹಾಕಿದೆ. ಸುಳ್ಳು ಹೇಳುವುದಿಲ್ಲ, ಅದರ ದನಿ ನಿಮ್ಮದಕ್ಕಿಂತ ದೊಡ್ಡದು, ತುಂಬಿದ್ದು. ಅದರಲ್ಲೂ ಉಸಿರಿಲ್ಲ. ಅವರಿಗೂ ಬರೆದೆ. ಎಂಟು ನಿಮಿಷದಲ್ಲಿ ಉತ್ತರ ಬಂತು. ಯಂತ್ರ ಕಳಿಸಿದ ಉತ್ತರ. ಮತ್ತೆ ಬರೆದೆ, ಅದೇ ಉತ್ತರ ಮತ್ತೆ ಬಂತು. ನೀವು ತಪ್ಪು ಹೇಳಿದಿರಿ, ಖರೆ. ಆದರೆ ನಾನು ನುಡಿಸಿದ್ದನ್ನು ಒಂದೊಂದು ಸ್ವರ ನೋಡಿ ಹೇಳಿದಿರಿ. ಅದು ನನಗೆ ಎರಡು ತಿಂಗಳು ತಡವಾಗಿ ತಿಳಿಯಿತು.

ಐನಾಪುರದಲ್ಲಿ ಪೀರಮ್ಮ ಎಂಬ ಹೆಣ್ಣುಮಗಳು ಇದ್ದಾಳೆ. ಇಪ್ಪತ್ತೆಂಟು ವರ್ಷ ನನ್ನ ಪೇಟಿಗೆ ಹಾಡಿದಾಕೆ. ನಾನು ಬಿದ್ದ ಮೇಲೆ ಅವಳೂ ಹಾಡುವುದು ಬಿಟ್ಟಳು. ಬೇರೆಯವರನ್ನು ಕರೆದುಕೊಂಡು ಹಾಡು ಎಂದರೆ, “ಅವ್ರು ಪೇಟಿ ಬಾರಿಸ್ತಾರ್ರಿ ಮಾಸ್ತರ, ನನ್ನ ಕೂಡ ಹಾಡಂಗಿಲ್ಲ” ಅಂತಾಳೆ. ಅವಳಿಗಾಗಿ ನಾನು ಎಡಗೈ ಪಳಗಿಸುತ್ತಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.

ಮುಚ್ಚಬೇಡಿ. ನಿಮ್ಮ ಆಫೀಸಿನಲ್ಲಿ ಮೇಲಿನವರು ಯಾರಿದ್ದಾರೋ ಅವರಿಗೆ ಈ ಪತ್ರ ತೋರಿಸಿ.

ರೇವಣಸಿದ್ದಯ್ಯ

ಇಲ್ಲಿಂದ ಸೂಗಮ್ಮನ ಮಾತು. ಇವರು ಇಷ್ಟು ಮಾತಾಡಿದ್ದು ಹನ್ನೊಂದು ತಿಂಗಳಾದ ಮೇಲೆ. ಏನು ಮಾಡುತ್ತೀರೋ ನೋಡಿ.


ವಾಡಿ
೧೯ ಏಪ್ರಿಲ್ ೨೦೨೪

ಮಾಸ್ತರ್ ಅವರಿಗೆ ಮತ್ತು ಸೂಗಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೇಲಿನವರಿಗೆ ತೋರಿಸಲು ಇಲ್ಲಿ ಮೇಲಿನವರು ಯಾರೂ ಇಲ್ಲ. ಆಫೀಸೂ ಇಲ್ಲ, ಬಳಗವೂ ಇಲ್ಲ, ತಾಂತ್ರಿಕ ವಿಭಾಗವೂ ಇಲ್ಲ. ಇರುವವಳು ನಾನೊಬ್ಬಳೇ. ಹೆಸರು ಮೈತ್ರಿ, ವಯಸ್ಸು ಇಪ್ಪತ್ತೆಂಟು. ಭಗವಂತ ನಮ್ಮ ಅಪ್ಪ, ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದಾರೆ. ನಾನು ಶಹಾಬಾದಿನ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ಬಂದು, ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಈ ಕೆಲಸ ಮಾಡುತ್ತೇನೆ. ಗೂಡ್ಸ್ ಗಾಡಿ ಹೋಗುವಾಗ ಮೈಕ್ ಬಂದ್ ಮಾಡಿ ಕುಳಿತಿರುತ್ತೇನೆ. ಒಬ್ಬಳೇ ಹುಡುಗಿ ಎಂದರೆ ಯಾರೂ ನಂಬುವುದಿಲ್ಲ ಎಂದು ‘ಬಳಗ’ ಎಂದು ಬರೆಯುತ್ತಿದ್ದೆ.

ಕಾಗಿಣಾದಲ್ಲಿ ನೀವು ಕೇಳುವ ಪೇಟಿ ನಮ್ಮ ಬುದ್ಧ ವಿಹಾರದ್ದು. ಚಿಕ್ಕವಳಿದ್ದಾಗಿನಿಂದ ಅದಕ್ಕೆ ದನಿಗೂಡಿಸಿ ಹಾಡಿದ್ದೇನೆ. ಅದರ ಮೂರು ಸ್ವರ ಕೆಟ್ಟಿವೆ. ಅಕ್ಕಪಕ್ಕದ ಸ್ವರಗಳನ್ನು ಎಳೆದು ಆ ಮೂರನ್ನು ತುಂಬಿಸಿದ್ದೇನೆ. ದೊಡ್ಡ ಕಂಪನಿಯ ದನಿ ನನ್ನದಕ್ಕಿಂತ ತುಂಬಿದ್ದು ಎಂದಿರಿ. ನನಗೂ ಗೊತ್ತು. ಅವರದನ್ನು ಮೊದಲ ಸಲ ಕೇಳಿದಾಗಲೇ ಮುಚ್ಚಬೇಕು ಎನಿಸಿತ್ತು.

ಕೈಪಿಡಿಯ ವಿಷಯ ಹೇಗೆ ಕ್ಷಮೆ ಕೇಳಲಿ ತಿಳಿಯುತ್ತಿಲ್ಲ. ಫೈಲಿನಲ್ಲಿ ಒಂದೇ ಕೈ ಇದೆ ಎಂಬುದನ್ನು ಕಂಡೆ. ಯಾಕೆ ಎಂದು ಕೇಳಲಿಲ್ಲ. ಈ ದಿನ ಅದನ್ನು ಮತ್ತೆ ತೆರೆದು ನೋಡಿದೆ. ಎರಡನೇ ಪದದಲ್ಲಿ ಒಂದು ಸಾಲನ್ನು ಹದಿನೇಳು ಸಲ ನುಡಿಸಿದ್ದೀರಿ. ಹೊಸಬರು ಹಾಗೆ ನುಡಿಸುವುದಿಲ್ಲ.

ಜೂನ್ ೩೦ರ ಮಾತು ಸದ್ಯ ಬಿಡಿ. ನನಗೊಂದು ವಿಚಾರ ಬಂದಿದೆ. ತಿದಿ ಒತ್ತುವ ಕೈ ನಿಮಗಿಲ್ಲ, ಆದರೆ ಎದುರಿಗೆ ಹಾಡುವವರು ಇರುತ್ತಾರೆ. ಅವರ ದನಿಯನ್ನು ಮೈಕಿನಿಂದ ತೆಗೆದುಕೊಂಡು, ಅದು ಏರಿದರೆ ಗಾಳಿ ಏರುವಂತೆ, ಇಳಿದರೆ ಇಳಿಯುವಂತೆ ಮಾಡಿದರೆ? ಅಂದರೆ ಪೀರಮ್ಮನವರೇ ತಿದಿ. ಶ್ರುತಿ ಒಮ್ಮೆ ಒತ್ತಿದರೆ ನುಡಿಯುತ್ತಲೇ ಇರುವಂತೆ ಮಾಡುವುದು ಒಂದು ದಿನದ ಕೆಲಸ. ನೀವು ಕೇಳಿದ ದಿನವೇ ಮಾಡಬಹುದಿತ್ತು.

ಮೈತ್ರಿ


ಚಿಂಚೋಳಿ
೧೧ ಜೂನ್ ೨೦೨೪

ಮೈತ್ರಿಯವರಿಗೆ,

ನೀವು ಕಳಿಸಿದ್ದನ್ನು ಹಾಕಿದೆವು. ಮೊದಲು ಸೂಗಮ್ಮ ಹಾಡಿದಳು. ಅವಳಿಗೆ ಹಾಡು ಬರುವುದಿಲ್ಲ, ಆದರೂ ಪೇಟಿ ಅವಳ ಹಿಂದೆ ಹೋಯಿತು. ಆಮೇಲೆ ಐನಾಪುರಕ್ಕೆ ಹೇಳಿಕಳಿಸಿದೆ. ಪೀರಮ್ಮ ಬಂದಳು. ಕಂಪ್ಯೂಟರ್ ನೋಡಿ, ನನ್ನ ಎಡಗೈ ನೋಡಿ, ಎದುರಿಗೆ ಕುಳಿತಳು. ಒಂದು ಪದ ಹಾಡಿದಳು. ನಡುವೆ ನಿಲ್ಲಿಸಿ ಕೇಳಿದಳು: “ನಾ ಸುಮ್ನಾದಾಗ ಇದ್ಯಾಕ ಸುಮ್ನಾಗ್ತದ? ನಾ ಉಸುರು ತಗೋಬೇಕಂದ್ರ ಇದು ಹಾಡ್ಬೇಕಲ್ಲ.”

ಅವಳ ಮಾತು ಸರಿ. ಹಾಡುವವರು ಉಸಿರು ಎಳೆದುಕೊಳ್ಳುವಾಗ ಪೇಟಿಯವನು ಪದವನ್ನು ಕೈಯಲ್ಲಿ ಹಿಡಿದುಕೊಂಡಿರಬೇಕು. ಅವರು ಮರಳಿ ಬಂದಾಗ ಒಪ್ಪಿಸಿ ಹಿಂದೆ ಸರಿಯಬೇಕು. ನಿಮ್ಮದು ಅವಳ ಜೊತೆಗೇ ಉಸಿರುಗಟ್ಟುತ್ತದೆ. ಅಷ್ಟು ಬಿಟ್ಟರೆ ಭಾಳ ಚಲೋ.

ಈ ಪತ್ರ ನಾನೇ ಒತ್ತಿದ್ದು. ಮೂರು ದಿನ ಹಿಡಿಯಿತು.

ರೇವಣಸಿದ್ದಯ್ಯ


ವಾಡಿ
೩ ಜುಲೈ ೨೦೨೪

ಮಾಸ್ತರ್ ಅವರಿಗೆ,

ಪೀರಮ್ಮನವರ ಮಾತನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ. ದನಿ ನಿಂತೊಡನೆ ಗಾಳಿ ಬೀಳಬಾರದು, ಚೂರು ಏರಬೇಕು, ದನಿ ಮರಳಿದಾಗ ಇಳಿಯಬೇಕು. ಬರೆಯಲು ಎರಡು ಸಾಲು, ಮಾಡಲು ಮೂರು ವಾರ. ಎಷ್ಟು ಹೊತ್ತು ಕಾಯಬೇಕು, ಯಾವುದು ಉಸಿರು, ಯಾವುದು ಪದದ ಕೊನೆ ಎಂಬುದೇ ಕಷ್ಟ. ಈಗ ಸುಮಾರಾಗಿ ಬಂದಿದೆ.

ಇನ್ನೊಂದು ಕೋರಿಕೆ. ವಿಹಾರದ ಪೇಟಿಯ ದನಿ ತೆಳ್ಳಗಿದೆ. ನಿಮ್ಮ ಪೇಟಿ ಇದೆಯಲ್ಲ? ನಾನು ಮೈಕ್ ತೆಗೆದುಕೊಂಡು ಚಿಂಚೋಳಿಗೆ ಬಂದು ಅದರ ಒಂದೊಂದು ಸ್ವರ ದಾಖಲಿಸಿಕೊಳ್ಳಲೇ? ಒಂದು ದಿನ ಸಾಕು.

ಮೈತ್ರಿ


ಚಿಂಚೋಳಿ
೮ ಜುಲೈ ೨೦೨೪

ಮೈತ್ರಿಯವರಿಗೆ,

ಹೊಸದು ಚಲೋ ಇದೆ. ಪೇಟಿಯ ಮಾತು ಬೇಡ. ಅದನ್ನು ಮುಟ್ಟುವುದು ಬೇಡ.

ರೇವಣಸಿದ್ದಯ್ಯ


ವಾಡಿ
೨೯ ಜುಲೈ ೨೦೨೪

ಮಾನ್ಯ ರೇವಣಸಿದ್ದಯ್ಯ ಅವರಿಗೆ,

ಕೊನೆಯ ಆವೃತ್ತಿ ಲಗತ್ತಿಸಿದೆ. ಇನ್ನು ನಿಮಗೆ ನನ್ನಿಂದ ಕೆಲಸ ಬೀಳಲಾರದು ಎಂದುಕೊಂಡಿದ್ದೇನೆ.

ಮೂರು ವಾರ ಉತ್ತರ ಬರೆಯಲಿಲ್ಲ. ‘ಮುಟ್ಟುವುದು ಬೇಡ’ ಎಂಬ ಮಾತು ನಮ್ಮ ಮನೆಗೆ ಹೊಸದಲ್ಲ. ನಮ್ಮ ಅಜ್ಜ ಕೇಳಿದ್ದು, ಅಪ್ಪ ಕೇಳಿದ್ದು. ನಾನು ವಿಹಾರದ ವಿಷಯ ಬರೆಯದೆ ಇದ್ದಿದ್ದರೆ ನೀವು ಆ ಮಾತು ಬರೆಯುತ್ತಿರಲಿಲ್ಲವೋ ಏನೋ. ನಿಮ್ಮ ಮನೆಗೆ ಬರುತ್ತೇನೆ ಎಂದು ಕೇಳಿದ್ದು ನನ್ನ ತಪ್ಪು.

ಮೈತ್ರಿ


ಚಿಂಚೋಳಿ
೩೦ ಜುಲೈ ೨೦೨೪

ಮಗಳೇ,

ನಿನ್ನ ಪತ್ರವನ್ನು ಸೂಗಮ್ಮ ಓದಿದಳು, ಓದಿ ನನ್ನನ್ನು ಚೆನ್ನಾಗಿ ಬೈದಳು. “ನಾಕು ಅಕ್ಷರ ಒತ್ತಿ ಕೈ ತೊಳ್ಕೊಂಡ್ರ ಹೆಂಗ? ಆ ಪೋರಿ ಏನ್ ತಿಳ್ಕೊಂಡಿರ್ಬೇಕು?” ಎಂದಳು. ಈಗ ಅವಳೇ ಬರೆಯುತ್ತಿದ್ದಾಳೆ.

ನೀನು ಅಂದುಕೊಂಡದ್ದು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಮಾತು ಎಂದೂ ಇರಲಿಲ್ಲ ಎಂದು ಹೇಳಲಾರೆ. ನಮ್ಮಪ್ಪ ಇದ್ದಾಗ ಇತ್ತು. ಪೀರಮ್ಮ ಮೊದಲ ಸಲ ನಮ್ಮ ಪಡಸಾಲೆಯಲ್ಲಿ ಕುಳಿತು ಹಾಡಿದಾಗ ಅವರು ಎದ್ದು ಹೊರಗೆ ಹೋಗಿದ್ದರು. ಅವಳು ಪದ ನಿಲ್ಲಿಸಲಿಲ್ಲ, ನಾನು ಪೇಟಿ ನಿಲ್ಲಿಸಲಿಲ್ಲ. ಆದ್ದರಿಂದ ನೀನು ಆ ಮಾತನ್ನು ಹಾಗೆ ಓದಿದ್ದಕ್ಕೆ ನಿನ್ನನ್ನು ದೂರುವ ಹಕ್ಕು ನನಗಿಲ್ಲ.

ಪೇಟಿ ಅಟ್ಟದ ಮೇಲಿದೆ. ಆಸ್ಪತ್ರೆಯಿಂದ ಬಂದ ದಿನ ನಾನೇ ಇಡಿಸಿದೆ. ಆವತ್ತಿನಿಂದ ನಾನೂ ಮುಟ್ಟಿಲ್ಲ, ಯಾರಿಗೂ ಮುಟ್ಟಗೊಟ್ಟಿಲ್ಲ. ಸೂಗಮ್ಮ ಧೂಳು ಒರೆಸಲು ಹೋದರೂ ಸಿಟ್ಟಿಗೇಳುತ್ತೇನೆ. ಕೀಬೋರ್ಡಿನ ಮೇಲೆ ಎಡಗೈ ತಪ್ಪಿದರೆ ಯಂತ್ರದ ತಪ್ಪು ಎಂದು ಹೇಳಿಕೊಳ್ಳಬಹುದು. ಪೇಟಿಯ ಮೇಲೆ ತಪ್ಪಿದರೆ ಏನು ಹೇಳಲಿ?

ನೀನು ಬಾ. ಸೇಡಂ ದಾಟಿ ಬರುವ ಬಸ್ಸು ಹಿಡಿ. ಬರುವ ದಿನ ತಿಳಿಸು, ಅಷ್ಟರಲ್ಲಿ ಪೇಟಿ ಕೆಳಗಿಳಿಸಿರುತ್ತೇನೆ.

ರೇವಣಸಿದ್ದಯ್ಯ


ವಾಡಿ
೨೦ ಆಗಸ್ಟ್ ೨೦೨೪

ಮಾಸ್ತರ್ ಮತ್ತು ಅಮ್ಮನವರಿಗೆ,

ಮೊನ್ನೆ ನಿಮ್ಮ ಮನೆಯಿಂದ ಬಂದಾಗಿನಿಂದ ದಾಖಲಿಸಿದ್ದನ್ನೇ ಕೇಳುತ್ತಿದ್ದೇನೆ. ಅಲ್ಲಿ ಹೇಳಲಾಗದ ಒಂದು ಮಾತಿದೆ, ಪತ್ರದಲ್ಲಿ ಹೇಳುತ್ತೇನೆ. ಮುಚ್ಚಳ ತೆಗೆದು ನೀವು ಮೊದಲ ಕೀ ಒತ್ತುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದಿರಿ ಎಂಬುದು ನನ್ನ ಹತ್ತಿರ ದಾಖಲಾಗಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡು. ನಾನು ಮೈಕ್ ಸರಿಮಾಡುವವಳಂತೆ ತಲೆ ತಗ್ಗಿಸಿ ಕುಳಿತಿದ್ದೆ, ನಿಮ್ಮನ್ನು ನೋಡಲು ಧೈರ್ಯವಾಗಲಿಲ್ಲ. ಆಮೇಲೆ ಅಮ್ಮನವರು ತಿದಿ ಒತ್ತಿದರು, ನೀವು ಎಡಗೈಯಿಂದ ಒಂದೊಂದೇ ಕೀ ಹಿಡಿದಿರಿ. ಒಂದೂ ತಪ್ಪಲಿಲ್ಲ.

ಬಳೆ ತೆಗೆಯಿರಿ, ಸದ್ದಾಗುತ್ತದೆ ಎಂದು ಕೇಳಿದ್ದಕ್ಕೆ “ಬಳಿ ತಗ್ಯಂಗಿಲ್ಲವ್ವಾ, ಬೇಕಾದ್ರ ಕೈಗಿ ಟಾವೆಲ್ ಸುತ್ತು” ಎಂದಿರಲ್ಲ ಅಮ್ಮ, ಟವೆಲ್ ಸುತ್ತಿದರೂ ಕೆಳಗಿನ ಸ್ವರಗಳಲ್ಲಿ ಬಳೆ ಸಣ್ಣಗೆ ಕೇಳಿಸುತ್ತದೆ. ತೆಗೆದುಹಾಕಲು ಎರಡು ದಿನ ಕುಳಿತೆ. ತೆಗೆದರೆ ಪೇಟಿಯ ಗಾಳಿಯ ಸದ್ದೂ ಹೋಗುತ್ತದೆ. ಹಾಗೇ ಬಿಟ್ಟಿದ್ದೇನೆ.

ಊಟಕ್ಕೆ ಕರೆದು ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡದ್ದನ್ನು ಅಪ್ಪನಿಗೆ ಹೇಳಿದೆ. ಅವರು, “ಪುಂಡಿಪಲ್ಯ ಮಾಡಿದ್ರೇನು?” ಎಂದು ಕೇಳಿದರು.

ಮೈತ್ರಿ


ವಾಡಿ
೧೫ ಡಿಸೆಂಬರ್ ೨೦೨೪

ಮಾಸ್ತರ್ ಅವರಿಗೆ,

ಒಂದು ಸುದ್ದಿ. ಕಾಗಿಣಾವನ್ನು ಮುಚ್ಚದೆ ಹೊಸ ಆವೃತ್ತಿಯನ್ನು ಎಲ್ಲರಿಗೂ ಬಿಟ್ಟಿದ್ದೆನಲ್ಲ, ಅದನ್ನು ನೋಡಿ ಉಚಿತ ಹಾರ್ಮೋನಿಯಂ ಬಿಟ್ಟ ಆ ದೊಡ್ಡ ಕಂಪನಿಯವರು ಬರೆದಿದ್ದಾರೆ. ಈ ಸಲ ಯಂತ್ರವಲ್ಲ, ಮನುಷ್ಯರು. ಹಾಡುವವರ ದನಿಯಿಂದ ಗಾಳಿ ನಡೆಸುವ ನಮ್ಮ ವಿಧಾನ ಅವರಿಗೆ ಬೇಕಂತೆ. ಕಾಗಿಣಾವನ್ನು ಪೂರ್ತಿ ಕೊಟ್ಟುಬಿಡಿ, ನಮ್ಮ ಕಂಪನಿಯ ಹೆಸರಿನಲ್ಲಿ ಬರುತ್ತದೆ ಎನ್ನುತ್ತಾರೆ. ಒಂದೇ ಕೈಯಿಂದ ನುಡಿಸುವವರಿಗಾಗಿ ಮಾಡಿದ ಭಾಗವನ್ನು ಉಳಿಸುತ್ತೀರಾ ಎಂದು ಕೇಳಿದೆ. ಅದು ಬಹಳ ಕಡಿಮೆ ಜನರಿಗೆ ಬೇಕಾಗುವುದು, ಮುಂದೆ ನೋಡೋಣ ಎಂದರು.

ನಾಲ್ಕು ದಿನ ಯೋಚಿಸಿದೆ. ಅವರ ಹೆಸರಿದ್ದರೆ ಎಷ್ಟು ದೂರ ಹೋಗಬಹುದು ಎಂಬ ಆಸೆ ಇರಲಿಲ್ಲ ಎನ್ನಲಾರೆ. ಅಪ್ಪನನ್ನು ಕೇಳಿದೆ. “ದೊಡ್ಡ ಗಾಡಿ ಬಂತಂತ ನಾವೇನು ಹಳಿ ಕಿತ್ತು ಕೊಡ್ತೀವಾ? ಹಳಿ ಮ್ಯಾಲೆ ಹೋಗು ಅಂತೀವಿ” ಎಂದರು. ಅದನ್ನೇ ಮರ್ಯಾದೆಯ ಮಾತಿನಲ್ಲಿ ಬರೆದು ಕಳಿಸಿದೆ: ವಿಧಾನವನ್ನು ಹೇಳಿಕೊಡುತ್ತೇನೆ, ಬಳಸಿಕೊಳ್ಳಿ, ಕಾಗಿಣಾ ನನ್ನ ಹತ್ತಿರವೇ ಇರುತ್ತದೆ. ಇನ್ನೂ ಉತ್ತರವಿಲ್ಲ. ಬರದಿದ್ದರೂ ನಡೆಯುತ್ತದೆ.

ಯಾಕೆಂದರೆ ಆ ‘ಬಹಳ ಕಡಿಮೆ ಜನ’ ಈಗ ನನಗೆ ಬರೆಯುತ್ತಿದ್ದಾರೆ. ಸೊಲ್ಲಾಪುರದ ಒಬ್ಬ ಭಜನೆಯವರು, ಅವರ ಎಡಗೈ ಗಿರಣಿಯಲ್ಲಿ ಹೋಗಿದೆ. ಸೇಡಂನ ಸಮ್ರೀನ್ ಎಂಬ ಶಿಕ್ಷಕಿ, ಅವರ ಶಾಲೆಯಲ್ಲಿ ಬೆರಳು ಬಾಗದ ಮಕ್ಕಳಿಬ್ಬರಿದ್ದಾರೆ. ಕಳೆದ ತಿಂಗಳು ಇಳಿಸಿಕೊಂಡವರು ಅರವತ್ತೆರಡು ಮಂದಿ. ನಾನು ಒಂದು ಸಲವೂ ಇಳಿಸಿಕೊಂಡಿಲ್ಲ. ಪ್ರತಿಯೊಬ್ಬರಿಗೂ ಉತ್ತರ ಬರೆಯುವ ಮೊದಲು ಈಗ ‘ಯಾಕೆ’ ಎಂದು ಕೇಳುತ್ತೇನೆ.

ಫೆಬ್ರುವರಿ ೨ರಂದು ಚಿತ್ತಾಪುರದ ನಿವೃತ್ತ ಶಿಕ್ಷಕರ ಸಭೆಯಲ್ಲಿ ನೀವೂ ಪೀರಮ್ಮನವರೂ ಹಾಡಲು ಒಪ್ಪಿದ್ದೀರಿ ಎಂದು ಸೂಗಮ್ಮನವರು ಫೋನಿನಲ್ಲಿ ಹೇಳಿದರು. ನೀವು ನನಗೆ ಹೇಳಲಿಲ್ಲ. ಹೆದರಿದ್ದೀರಾ?

ಮೈತ್ರಿ


ಚಿಂಚೋಳಿ
೫ ಫೆಬ್ರುವರಿ ೨೦೨೫

ಚಿ. ಮೈತ್ರಿಗೆ,

ಹೆದರಿದ್ದೆ. ಅದಕ್ಕೇ ಹೇಳಲಿಲ್ಲ. ಕಾಲೇಜಿನ ಪರೀಕ್ಷೆಯ ಕೆಲಸದಿಂದ ನೀನು ಬರಲಾಗುವುದಿಲ್ಲ ಎಂದಾಗ ಒಳಗೊಳಗೇ ಸಮಾಧಾನವಾಯಿತು. ತಪ್ಪಿದರೆ ನಿನ್ನ ಮುಂದೆ ತಪ್ಪುವುದು ಬೇಡ ಎಂದಿತ್ತು. ಈಗ ನೀನು ಇರಬೇಕಿತ್ತು ಅನಿಸುತ್ತದೆ.

ಸಭೆಯಲ್ಲಿ ಇನ್ನೂರು ಮಂದಿ ಇದ್ದರು. ಹೆಚ್ಚಿನವರು ಗುರುತಿನವರು. ವೇದಿಕೆ ಹತ್ತುವಾಗ ಸೂಗಮ್ಮ ತೋಳು ಹಿಡಿದಿದ್ದಳು. ಎಲ್ಲರ ಕಣ್ಣು ನನ್ನ ಬಲಗೈಯ ಮೇಲಿತ್ತು. ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಶಾಲಿನಲ್ಲಿ ಮುಚ್ಚಲಿಲ್ಲ. ಎಡಗೈಯಿಂದ ಒಮ್ಮೆ ಶ್ರುತಿ ಒತ್ತಿದೆ, ಅದು ಬಿಡದೆ ನುಡಿಯುತ್ತ ನಿಂತಿತು. ಪೀರಮ್ಮ ಹಾಡಿದಳು.

ಮೊದಲ ಪದದಲ್ಲಿ ಎರಡು ಕಡೆ ನನ್ನ ಬೆರಳು ತಪ್ಪಿತು. ಎರಡನೆಯದರಲ್ಲಿ ತಪ್ಪಲಿಲ್ಲ. ಮೂರನೆಯದು ಆಕೆ ತನ್ನ ತಾಯಿಯಿಂದ ಕಲಿತ ಹಳೆಯ ಪದ, ಬಾಣಂತಿ ಸತ್ತ ಮನೆಯಲ್ಲಿ ಹೇಳುವುದು. ಅದರ ನಡುವೆ ನಿಂತುಬಿಟ್ಟಳು. ಉಸಿರಿಗಾಗಿ ನಿಂತದ್ದಲ್ಲ. ಅವಳ ಮಗಳು ಹೋದದ್ದೂ ಬಾಣಂತನದಲ್ಲೇ, ಹನ್ನೆರಡು ವರ್ಷದ ಹಿಂದೆ. ಆ ಪದವನ್ನು ಆಮೇಲೆ ಹಾಡಿರಲಿಲ್ಲ. ಅದನ್ನು ಹಾಡುತ್ತಾಳೆಂದು ನನಗೂ ಹೇಳಿರಲಿಲ್ಲ.

ನಿನ್ನ ಪೇಟಿ ಬೀಳಲಿಲ್ಲ. ಚೂರು ಏರಿತು. ನಾನು ಅವಳು ಬಿಟ್ಟ ಸಾಲನ್ನೇ ನುಡಿಸಿದೆ, ಮತ್ತೆ ಅದನ್ನೇ, ಮತ್ತೆ ಅದನ್ನೇ. ಎಷ್ಟು ಸಲವೋ ಗೊತ್ತಿಲ್ಲ, ನೀನು ಫೈಲ್ ನೋಡಿ ಹೇಳು. ಆಮೇಲೆ ಅವಳು ಕಣ್ಣು ಒರೆಸಿಕೊಂಡು ಆ ಸಾಲಿನ ನಡುವಿನಿಂದಲೇ ಎತ್ತಿಕೊಂಡಳು. ಪೇಟಿ ಹಿಂದೆ ಸರಿಯಿತು. ಪದ ಮುಗಿಯಿತು.

ಕೆಳಗೆ ಇಳಿದಾಗ ಖಂಡಪ್ಪ ಹೆಡ್‌ಮಾಸ್ತರರು ಬಂದರು. ಎಂಬತ್ತು ದಾಟಿದವರು, ನನಗೆ ಮೊದಲ ಕೆಲಸ ಕೊಟ್ಟವರು. “ಎರಡ ವರ್ಷ ಎಲ್ಲಿಗಿ ಹೋಗಿದ್ರಿ ಮಾಸ್ತರ? ನಾವು ಹಾದಿ ನೋಡ್ಲಿಕತ್ತಿದ್ವಿ” ಎಂದರು. ಅಷ್ಟೇ. ಅವರಾದ ಮೇಲೆ ಬಂದವರೂ ಪದದ ಮಾತಾಡಿದರು, ಪೀರಮ್ಮನ ಮಾತಾಡಿದರು. ಕಂಪ್ಯೂಟರಿನ ವಿಷಯ ಒಬ್ಬರೂ ಕೇಳಲಿಲ್ಲ. ಅದು ಯಾವ ಕಂಪನಿಯದು ಎಂದು ಕೇಳಿದರೆ ನಿನ್ನ ಹೆಸರು ಹೇಳಬೇಕೆಂದು ನಾನು ಕಾದು ನಿಂತಿದ್ದೆ. ಕೊನೆಗೆ ನಾನಾಗಿಯೇ ಹೇಳಿದೆ: ವಾಡಿಯ ನಮ್ಮ ಹುಡುಗಿ ಮಾಡಿದ್ದು ಎಂದು. ಅವರು ಆಗ ಕಂಪ್ಯೂಟರಿನತ್ತ ತಿರುಗಿ ನೋಡಿದರು. ಅಲ್ಲಿಯವರೆಗೆ ಅವರಿಗೆ ಕೇಳಿಸಿದ್ದು ಪೇಟಿ.

ಬರುವಾಗ ಜೀಪಿನಲ್ಲಿ ಸೂಗಮ್ಮ ಪೀರಮ್ಮನ ಕೈ ಹಿಡಿದುಕೊಂಡು ಕುಳಿತಿದ್ದಳು. ಪೀರಮ್ಮ ಐನಾಪುರದ ಹಾದಿಯಲ್ಲಿ ಇಳಿದು, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದಳು. “ಮಾಸ್ತರ, ನಮ್ಮವ್ವನ ಪದ ಇನ್ನಾ ಹನ್ನೊಂದು ಅವ. ನನ್ನ ಬಿಟ್ರ ಯಾರಿಗೂ ಬರಂಗಿಲ್ಲ. ಆ ಹುಡುಗಿಗಿ ಮೈಕ್ ತಗೊಂಡು ಬಾ ಅನ್ರಿ” ಎಂದಳು.

ಯಾವಾಗ ಬರುತ್ತೀ?

ರೇವಣಸಿದ್ದಯ್ಯ